ಜಲಜನಕದ ಗಾಡಿಗೆ ಆಯುಧಪೂಜೆ

೧೧ ಸೆಪ್ಟೆಂಬರ್ ೧೯೮೯, ಸೋಮವಾರ

ಕಣ್ಣಿನ ಡಾಕ್ಟರು ಮೋಸಗಾರ. ಪ್ರತಿ ವರ್ಷ ಅವನ ಗೋಡೆಯ ಮೇಲೆ ಅದೇ ಅಕ್ಷರದ ಹಾಳೆ ನೇತಾಡುತ್ತಿತ್ತು. ಹೊರಗಿನ ಬೆಂಚಿನಲ್ಲಿ ಕೂತು, ಒಳಗೆ ಓದುವವರ ಬಾಯಿಂದ ಕೇಳಿ ಕೇಳಿ ಕಡೆಯ ಸಾಲಿನವರೆಗೂ ನಾನು ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ನಮ್ಮೂರ ಶಾಲೆಯಲ್ಲಿ ಮಗ್ಗಿ ಒಪ್ಪಿಸುವುದರಲ್ಲಿ ನನ್ನನ್ನು ಮೀರಿಸಿದ ಗಂಡಸು ಇರಲಿಲ್ಲ. ಇವತ್ತೂ ಗಡಗಡ ಒಪ್ಪಿಸಿದೆ. ಆ ಮನುಷ್ಯ ನಕ್ಕ. "ಡ್ರೈವರ್ ಸಾಬ್, ವೋ ತೋ ಪಿಛ್ಲೇ ಸಾಲ್ ವಾಲಾ ಚಾರ್ಟ್ ಹೈ" ಎಂದ. ಹೇಳದೆ ಕೇಳದೆ ಚಾರ್ಟು ಬದಲಾಯಿಸುವುದು ಯಾವ ಸೀಮೆಯ ನ್ಯಾಯ?

ಸಂಜೆ ಸಾಹೇಬರು ಕರೆದರು. ಇನ್ನು ಮೇಲೆ ಅಂಬಾಸಿಡರ್ ಮುಟ್ಟುವ ಹಾಗಿಲ್ಲವಂತೆ. ಘಾಟ್ಕೋಪರ್ ಗೋಡೌನಿನ ಗೇಟಿನಲ್ಲಿ ಕುರ್ಚಿ ಹಾಕಿಸುತ್ತಾರಂತೆ, ಬಂದುಹೋಗುವ ಟೆಂಪೋಗಳ ನಂಬರು ಬರೆಯಬೇಕಂತೆ. ನಂಬರು ಕಾಣದವನಿಗೆ ನಂಬರು ಬರೆಯುವ ಕೆಲಸ! ಇಂಥ ಬುದ್ಧಿವಂತರು ಕಂಪನಿ ನಡೆಸುತ್ತಿದ್ದಾರೆ.

ಕೀ ಮೇಜಿನ ಮೇಲೆ ಇಟ್ಟು ಬಂದೆ. ಡೂಪ್ಲಿಕೇಟ್ ಗೊಂಚಲು ನನ್ನ ಜೇಬಿನಲ್ಲೇ ಇದೆ. ಅವರು ಕೇಳಲಿಲ್ಲ. ಕೇಳಿದ್ದರೂ ಕೊಡುತ್ತಿರಲಿಲ್ಲ.

೧೩ ಸೆಪ್ಟೆಂಬರ್

ನನ್ನ ಗಾಡಿ ಈಗ ದೂಜನ ಕೈಯಲ್ಲಿ. ಮಂಗಳೂರು ಕಡೆಯ ಹುಡುಗ, ನಿನ್ನೆ ಮೊನ್ನೆಯವರೆಗೂ ಟೆಂಪೋ ಓಡಿಸುತ್ತಿದ್ದ. ಇವತ್ತು ಸಾಹೇಬರನ್ನು ಕೂರಿಸಿಕೊಂಡು ಗೋಡೌನಿಗೆ ಬಂದ. ಸೆಕೆಂಡ್ ಗೇರಿಗೆ ಹಾಕುವಾಗ ಗಾಡಿ ಕರಕರ ಎಂದದ್ದು ನನ್ನ ಹಲ್ಲಿಗೆ ಕೇಳಿಸಿತು.

"ನಮಸ್ಕಾರ ಸುಬ್ಬಣ್ಣ, ಹೇಗುಂಟು ಹೊಸ ಕುರ್ಚಿ?" ಎಂದ.

ಕುರ್ಚಿಯನ್ನೇ ಆ ಕಡೆ ತಿರುಗಿಸಿ ಕೂತೆ. ಅವನ ನಂಬರನ್ನೂ ಬರೆಯಲಿಲ್ಲ.

೧೭ ಸೆಪ್ಟೆಂಬರ್, ಭಾನುವಾರ

ಮನೆಯಲ್ಲಿ ಊಟದ ಮೇಜು ನಮ್ಮ ಕೈ ಬಿಟ್ಟುಹೋಗಿದೆ. ಅಣ್ಣನ ಮಗಳು ಶಾಮಲಾ ಅದರ ತುಂಬ ತಂತಿ, ಟ್ಯೂಬು, ಸಣ್ಣ ಚಕ್ರ ಹರವಿಕೊಂಡಿದ್ದಾಳೆ. ಅಣ್ಣ ರಿಫೈನರಿಯ ಶಿಫ್ಟಿನಿಂದ ಬಂದು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ತುಟಿಪಿಟಕ್ಕೆನ್ನದೆ ಊಟ ಮಾಡಿ ಎದ್ದ. ನಾನು ಸುಮ್ಮನಿರುವ ಜಾತಿಯವನಲ್ಲ, ಕೇಳಿದೆ.

ವಿಷಯ ಇದು. ಅವಳು ಚೆಂಬೂರಿನ ಶಾಲೆಯ ಕನ್ನಡ ವಿಭಾಗದಲ್ಲಿ ವಿಜ್ಞಾನದ ಟೀಚರು, ಆದರೆ ಟೆಂಪರ್‌ವರಿ. ದಸರೆಯ ಮಾರನೇ ದಿನ ಕಮಿಟಿಯವರ ಎದುರಿಗೆ ಒಂದು ಪಾಠ ಮಾಡಿ ತೋರಿಸಬೇಕು. ಒಪ್ಪಿದರೆ ಪರ್ಮನೆಂಟ್. ಇಲ್ಲದಿದ್ದರೆ ಕನ್ನಡ ಮಕ್ಕಳ ವಿಜ್ಞಾನವೂ ಹಿಂದಿ ವಿಭಾಗದ ಮೇಷ್ಟರ ಪಾಲು, ಇವಳು ಮನೆಗೆ. ಅದಕ್ಕೇ ಈ ಆಟಿಕೆಯ ಗಾಡಿ.

"ಚಿಕ್ಕಪ್ಪ, ಇದ್ರಲ್ಲಿ ಪೆಟ್ರೋಲ್ ಇಲ್ಲ, ಬ್ಯಾಟರಿನೂ ಇಲ್ಲ" ಎಂದಳು.

"ಹಾಗಾದ್ರೆ ನೂಕೋಕೆ ಆಳು ಇಟ್ಟಿದೀಯೇನೆ?"

"ಜಲಜನಕದಲ್ಲಿ ಓಡತ್ತೆ. ಫ್ಯುಯೆಲ್ ಸೆಲ್ ಅಂತ."

ಮೂರು ಸಣ್ಣ ಗೂಡು, ಒಂದರ ಪಕ್ಕ ಒಂದು. ಪ್ರತಿ ಗೂಡಿನಲ್ಲೂ ಎರಡು ನಿಕ್ಕಲ್ ಜಾಲರಿ, ಅದರ ಮೇಲೆ ಕಪ್ಪು ಲೇಪ. ಲೇಪ ಪ್ಲಾಟಿನಂ ಅಂತೆ, ಅವಳ ಹಳೆಯ ಪ್ರೊಫೆಸರು ತಮ್ಮ ಲ್ಯಾಬಿನಲ್ಲಿ ಮಾಡಿಸಿಕೊಟ್ಟದ್ದು, ಇನ್ನೊಂದು ಸಲ ಸಿಗುವುದಿಲ್ಲ. ಎರಡು ಜಾಲರಿಗಳ ನಡುವೆ ಪೊಟ್ಯಾಷ್ ನೀರಿನಲ್ಲಿ ನೆನೆಸಿದ ಕಾಗದ. ಹಿಂದುಗಡೆ ಬಲೂನಿನಲ್ಲಿ ಜಲಜನಕ ತುಂಬಿಸಿ ಕಟ್ಟಬೇಕು. ಆಮ್ಲಜನಕ ಗಾಳಿಯಲ್ಲೇ ಇದೆಯಲ್ಲ.

ಅವಳು ಹೇಳಿದ್ದು ಅವಳ ಕಾಲೇಜಿನ ಭಾಷೆ. ನಾನು ಅದನ್ನು ಮನುಷ್ಯರ ಭಾಷೆಗೆ ತಂದೆ. ದಾದರ್ ಸ್ಟೇಷನ್ನಿನ ಸೇತುವೆ ಇದ್ದ ಹಾಗೆ ಆ ಕಾಗದ. ಈ ಪ್ಲಾಟ್‌ಫಾರಂನ ಜಲಜನಕಕ್ಕೆ ಆ ಪ್ಲಾಟ್‌ಫಾರಂನ ಆಮ್ಲಜನಕವನ್ನು ಸೇರುವ ಆಸೆ. ಆದರೆ ಅದರ ಲಗೇಜು ಸೇತುವೆ ಹತ್ತಲಾರದು. ಲಗೇಜು ಎಂದರೆ ಎಲೆಕ್ಟ್ರಾನು. ಅದು ತಂತಿಯ ಮೇಲೆ ಸುತ್ತಿಕೊಂಡು ಬರಬೇಕು. ಬರುವ ದಾರಿಯಲ್ಲಿ ಮೋಟರು ತಿರುಗಿಸಿಕೊಂಡು ಬರುತ್ತದೆ. ಕಡೆಗೆ ಎಲ್ಲರೂ ಸೇರಿದರೆ ಆಗುವುದು ಬರೀ ನೀರು. ಹೊಗೆ ಇಲ್ಲ, ಸದ್ದಿಲ್ಲ.

"ಸರಿಯಾಗೇ ಹೇಳಿದ್ರಿ ಚಿಕ್ಕಪ್ಪ!" ಎಂದಳು.

ಸರಿಯಾಗಿಲ್ಲದೆ ಏನು? ಕಮಿಟಿಯ ದಿನ ನಾನೇ ಎದ್ದು ಹೇಳಿದರೂ ಹೇಳಿದೆನೇ.

೩೦ ಸೆಪ್ಟೆಂಬರ್, ಶನಿವಾರ

ಓಡಿತು! ಅತ್ತಿಗೆಯ ಸಾಂಬಾರ್ ಪುಡಿ ಡಬ್ಬದಿಂದ ಹೊರಟು ಮೇಜಿನ ಆ ತುದಿಯವರೆಗೆ ಬಂತು, ಬೀಳುವ ಮೊದಲು ನಾನು ಹಿಡಿದೆ. ಇರುವೆಯ ನಡಿಗೆ, ಆದರೆ ಓಡಿತು.

ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು. ಮುಂಬಯಿಯ ರಸ್ತೆಯಲ್ಲಿ ಪಳಗಿದವನು ನಾನು, ಮುಂದಿನ ಚಕ್ರ ಬಗ್ಗಿಸಿ ಸರಿ ಮಾಡಿಕೊಟ್ಟೆ. ಆಮೇಲೆ ಗಾಡಿ ನೀರಿನ ಲೋಟವನ್ನು ಪ್ರದಕ್ಷಿಣೆ ಹಾಕತೊಡಗಿತು. ಶಾಮಲಾ ಏನೂ ಅನ್ನದೆ ಚಕ್ರವನ್ನು ಮೊದಲಿನ ಹಾಗೆ ತಿರುಗಿಸಿಕೊಂಡಳು. ಮೋಟರು ಕಳಪೆ, ಟೇಪ್‌ರೆಕಾರ್ಡರಿನದು. ನನ್ನ ತಪ್ಪಲ್ಲ.

೪ ಅಕ್ಟೋಬರ್

ಸ್ಟೇಷನ್ ಹತ್ತಿರದ ಚಹಾ ಅಂಗಡಿಯಲ್ಲಿ ಹೇಳಿದೆ, ನಮ್ಮ ಮನೆಯಲ್ಲಿ ಪೆಟ್ರೋಲಿಲ್ಲದ ಗಾಡಿ ತಯಾರಾಗಿದೆ, ಅರ್ಧ ತಲೆ ನನ್ನದೇ ಓಡಿದ್ದು ಎಂದು. ಸ್ಕೂಟರ್ ರಿಪೇರಿಯ ಶರೀಫ, ವಿಜಾಪುರ ಕಡೆಯವನು, ಎಲ್ಲರ ಎದುರಿಗೆ, "ಹಂಗಾರ ನನ್ನ ಮೊಪೆಡ್‌ಗೂ ಒಂದ್ ತಂಬಿಗಿ ನೀರ್ ಹಾಕಿ ಕೊಡ್ರಿ ಕಾಕಾ, ಪುಣೆಗೆ ಹೋಗಿ ಬರ್ತೀನಿ" ಎಂದ.

"ನೀರಲ್ಲ, ಜಲಜನಕ" ಎಂದೆ.

"ಯಾರ ಜನಕ ಇದ್ರೇನ್ರಿ, ನಿಮಗ ಈಗ ಲೈಸನ್ಸೇ ಇಲ್ಲಲ್ಲ!"

ಇಡೀ ಅಂಗಡಿ ನಕ್ಕಿತು. ಚಹಾ ಅರ್ಧಕ್ಕೆ ಬಿಟ್ಟು ಬಂದೆ. ಇನ್ನು ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

೯ ಅಕ್ಟೋಬರ್, ಸೋಮವಾರ. ಆಯುಧಪೂಜೆ

ಬರೆಯುವಾಗ ಪೆನ್ಸಿಲ್ ಮೊನೆ ಎರಡು ಸಲ ಮುರಿಯಿತು. ಸಿಟ್ಟಿಗೆ.

ಬೆಳಿಗ್ಗೆ ಗೋಡೌನಿನಲ್ಲಿ ಟೆಂಪೋಗಳಿಗೆಲ್ಲ ಪೂಜೆ ಆಯಿತು. ಪ್ರತಿ ಸಲ ಬಾಂದ್ರಾದಲ್ಲಿ ಸಾಹೇಬರ ಕಾಂಪೌಂಡಿನಲ್ಲಿ ಅಂಬಾಸಿಡರ್ ತೊಳೆದು, ಬಾನೆಟ್ಟಿಗೆ ಮಾವಿನೆಲೆ ಕಟ್ಟಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಮೆಲ್ಲಗೆ ಕ್ಲಚ್ ಬಿಟ್ಟು ನಾಲ್ಕೂ ಒಟ್ಟಿಗೆ ಪಚಕ್ ಎನ್ನುವ ಹಾಗೆ ಮಾಡುತ್ತಿದ್ದವನು ನಾನು. ಸಾಹೇಬರ ಹೆಂಡತಿ ಕಿಟಕಿಯಿಂದ ನೋಡಲು ಬರುತ್ತಿದ್ದರು. ಈ ಸಲ ಯಾರೂ ಕರೆಯಲಿಲ್ಲ. ಒಂದು ತುಂಡು ಬಾಳೆಹಣ್ಣು ಕೊಟ್ಟು, ಗೇಟು ನೋಡಿಕೋ ಎಂದರು.

ಮನೆಗೆ ಬಂದರೆ ಮೇಜಿನ ಮೇಲೆ ಆ ಪುಟ್ಟ ಗಾಡಿ, ಬೋಳು ಹಣೆಯಲ್ಲಿ. ಅದೂ ಗಾಡಿಯಲ್ಲವೇ? ಪೂಜೆಯಿಲ್ಲದೆ ನಾಡಿದ್ದು ಕಮಿಟಿಯ ಎದುರಿಗೆ ಹೋಗಬೇಕೇ? ಶಾಮಲಾ ಬಲೂನಿಗೆ ಜಲಜನಕ ತುಂಬಿಸಿ ಕಟ್ಟಿ, ಪ್ರೊಫೆಸರಿಗೆ ಫೋನು ಮಾಡಲು ಕೆಳಗಿನ ಮನೆಗೆ ಹೋಗಿದ್ದಳು. ಬರುವಷ್ಟರಲ್ಲಿ ಮುಗಿಸಿಬಿಡೋಣ ಎಂದುಕೊಂಡೆ. ಒಳ್ಳೆಯದಕ್ಕೇ.

ಗಾಡಿಯನ್ನು ದೇವರ ಮುಂದೆ ಇಟ್ಟೆ. ಅರಿಶಿನ ಕಲಸಿ ಗೂಡುಗಳಿಗೆ ಹಚ್ಚಿದೆ, ಜಾಲರಿಗೂ. ಮೇಲೆ ಕುಂಕುಮ. ನಾಲ್ಕು ಚಕ್ರಕ್ಕೆ ನಿಂಬೆಹಣ್ಣು ದೊಡ್ಡದಾಗುತ್ತದೆಂದು ಹೋಳು ಮಾಡಿ ಇಟ್ಟು, ಮೇಲಿನಿಂದ ಅಮುಕಿದೆ. ರಸ ಎಲ್ಲಾ ಕಡೆ ಚಿಮ್ಮಿತು, ಶುಭವೇ. ಆಮೇಲೆ ಕರ್ಪೂರ ಹಚ್ಚಿ ಆರತಿ. ಮುಂದುಗಡೆ ಬೆಳಗಿದೆ. ಹಿಂದುಗಡೆಯೂ ಬೆಳಗಬೇಕಲ್ಲ.

ಢಬ್!

ಕಣ್ಣ ಮುಂದೆ ಒಂದು ಕಿತ್ತಳೆ ಬಣ್ಣದ ಚೆಂಡು ಬಂದು ಹೋಯಿತು. ಅತ್ತಿಗೆ ಅಡುಗೆಮನೆಯಿಂದ ಸೌಟು ಹಿಡಿದು ಓಡಿ ಬಂದರು. "ಅಯ್ಯೋ ಸುಬ್ಬು! ನಿನ್ನ ಮೀಸೆ ಎಲ್ಲೋ?"

ಎಡಗಡೆಯದು ಹೋಗಿದೆ. ಬಲಗಡೆಯದು ಸಿಪಾಯಿಯ ಹಾಗೆ ಹಾಗೇ ನಿಂತಿದೆ. ಹದಿನೆಂಟರಲ್ಲಿ ಬಿಟ್ಟ ಮೀಸೆ.

ಹೀಗೆ ಉರಿಯುತ್ತದೆ ಎಂದು ನನಗೆ ಯಾರು ಹೇಳಿದ್ದರು? ಲಗೇಜಿನ ಕಥೆ ಹೇಳಿದಳೇ ಹೊರತು, ಬೆಂಕಿಯ ಹತ್ತಿರ ಒಯ್ಯಬೇಡಿ ಎಂದು ಹೇಳಿದಳೇ? ಹೇಳಿದ್ದಳು ಎನ್ನುತ್ತಾರೆ ಅತ್ತಿಗೆ, ನಾನು ಕೇಳಿಸಿಕೊಂಡಿರಲಿಲ್ಲವಂತೆ. ಅತ್ತಿಗೆ ಯಾವಾಗಲೂ ಅವಳ ಪರವೇ.

ಶಾಮಲಾ ಬಂದಳು. ಗಾಡಿಯ ಒಂದು ಪಕ್ಕ ಮಸಿ ಹಿಡಿದಿತ್ತು. ಗೂಡು ಬಿಚ್ಚಿ ನೋಡಿದಳು. ಜಾಲರಿಯ ತುಂಬ ಅರಿಶಿನ, ನಿಂಬೆರಸ. ಜಾಲರಿಗಳನ್ನು ಶುದ್ಧ ನೀರಿನಲ್ಲಿ ತೊಳೆದು, ಹೊಸದಾಗಿ ಪೊಟ್ಯಾಷ್ ಕಲಸಿದರೆ ಏನಾದರೂ ಉಳಿಯಬಹುದು, ನಲ್ಲಿಯ ನೀರು ನಡೆಯುವುದಿಲ್ಲ ಎಂದಳು.

"ಅಮ್ಮಾ, ನನ್ನ ಡಿಸ್ಟಿಲ್ಡ್ ವಾಟರ್ ಕ್ಯಾನ್ ಎಲ್ಲಿ?"

ಅತ್ತಿಗೆ ದೇವರ ಮುಂದಿನ ಕಳಶದ ಕಡೆ ನೋಡಿದರು, ಆಮೇಲೆ ನನ್ನ ಕಡೆ. ಬೆಳಿಗ್ಗೆ ನಾನೇ ಅಂದಿದ್ದೆ, ಮನೆಯಲ್ಲಿ ಅದಕ್ಕಿಂತ ಶುದ್ಧವಾದ ನೀರಿಲ್ಲ, ಕಳಶಕ್ಕೆ ಅದನ್ನೇ ತುಂಬಿ ಎಂದು. ಉಳಿದದ್ದರಲ್ಲಿ ನೈವೇದ್ಯದ ಪಾಯಸ ಆಗಿತ್ತು.

ಅವಳು ಬೈಯಲಿಲ್ಲ. ಒಂದು ಮಾತು ಬೈದಿದ್ದರೆ ನಾನೂ ನಾಲ್ಕು ಮಾತು ಬೈಯುತ್ತಿದ್ದೆ. ಮೇಜಿನ ಮುಂದೆ ಕೂತು, ಹತ್ತಿಯಿಂದ ಜಾಲರಿಯ ಅರಿಶಿನ ಒರೆಸುತ್ತಿದ್ದಳು. ಪಾಯಸ ಯಾರೂ ತಿನ್ನಲಿಲ್ಲ. ಎಂಥ ಹಬ್ಬ ಇದು!

೧೦ ಅಕ್ಟೋಬರ್, ದಸರೆ

ಎಲ್ಲಾ ಅಂಗಡಿಗಳಿಗೂ ಚೆಂಡುಹೂವಿನ ತೋರಣ, ಎಲ್ಲಾ ಶಟರುಗಳೂ ಕೆಳಗೆ. ಡಿಸ್ಟಿಲ್ಡ್ ವಾಟರ್ ಸಿಗುವ ಬ್ಯಾಟರಿ ಅಂಗಡಿ ಬಂದ್. ತೆರೆದಿದ್ದ ಒಂದೇ ಒಂದು ಮೆಡಿಕಲ್ ಸ್ಟೋರಿನವನು ಇಂಜೆಕ್ಷನ್ನಿಗೆ ಬೆರೆಸುವ ನೀರಿನ ಬೆರಳುದ್ದದ ಗಾಜಿನ ಬುಡ್ಡಿ ಹಿಡಿದು, "ಏಕಚ್ ಆಹೇ" ಎಂದ, ಒಂದೇ ಇರುವುದಂತೆ. ಅದರಲ್ಲಿ ಇಲಿಯೂ ಬಾಯಿ ಮುಕ್ಕಳಿಸಲಾರದು. ಶಾಲೆಯ ಲ್ಯಾಬಿಗೆ ಬೀಗ. ಪ್ರೊಫೆಸರು ನಾಸಿಕಕ್ಕೆ ಹೋಗಿದ್ದಾರಂತೆ. ಇಂಥ ಸಮಯದಲ್ಲೇ ಇವರಿಗೆ ನಾಸಿಕ!

ಆಗ ನೆನಪಾಯಿತು. ಅಂಬಾಸಿಡರಿನ ಡಿಕ್ಕಿಯಲ್ಲಿ, ಸ್ಟೆಪ್ನಿಯ ಹಿಂದೆ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನ ಬಿಳಿ ಕ್ಯಾನು ಸದಾ ಇರುತ್ತಿತ್ತು. ಅಲ್ಲಿಡುವ ಪದ್ಧತಿ ನನ್ನದು. ಕ್ಯಾನೂ ನನ್ನದೇ. ನನ್ನ ಕ್ಯಾನು ನಾನು ತರಲು ಯಾರ ಅಪ್ಪಣೆ ಬೇಕು? ಡೂಪ್ಲಿಕೇಟ್ ಕೀ ಜೇಬಿನಲ್ಲಿದೆ.

ಮೀಸೆಗೆ ಕರವಸ್ತ್ರ ಕಟ್ಟಿಕೊಂಡು ಕುರ್ಲಾ, ದಾದರು ಬದಲಿಸಿ ಬಾಂದ್ರಾಕ್ಕೆ ಹೋದೆ. ಲೋಕಲ್‌ನಲ್ಲಿ ಒಬ್ಬ ಹಲ್ಲು ನೋವಾ ಎಂದು ಕೇಳಿದ. ಹೌದು, ನಿಮ್ಮಪ್ಪನದು ಎಂದೆ ಕನ್ನಡದಲ್ಲಿ.

ಕಾಂಪೌಂಡಿನಲ್ಲಿ ಗಾಡಿ ಒಂದೇ ನಿಂತಿತ್ತು. ತೊಳೆದು ಹಾರ ಹಾಕಿದ್ದರು. ಹಾರ ಸೊಟ್ಟ. ಡಿಕ್ಕಿಯ ಹತ್ತಿರ ಬಗ್ಗಿ ಕೀ ತೂರಿಸಿದೆ. ಹೋಗಲಿಲ್ಲ. ಮತ್ತೆ ತೂರಿಸಿದೆ. ದರಿದ್ರದ್ದು, ತೂತು ಇದ್ದ ಜಾಗದಲ್ಲಿ ಇರಲೇ ಇಲ್ಲ.

"ಕೀ ಉಲ್ಟಾ ಹಿಡ್ಕೊಂಡಿದ್ದೀರಿ ಸುಬ್ಬಣ್ಣ."

ದೂಜ. ಕೈಯಲ್ಲಿ ಒದ್ದೆ ಬಟ್ಟೆ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ನನ್ನ ಕ್ಯಾನು ತಗೊಂಡು ಹೋಗೋಕೆ ಬಂದೆ. ಕಳ್ಳ ಅಂತ ಕೂಗು ಬೇಕಾದ್ರೆ, ವಾಚ್‌ಮನ್ನನ್ನ ಕರಿ!"

"ಎಂತಕ್ಕೆ ಕೂಗುದು? ಡೂಪ್ಲಿಕೇಟ್ ನಿಮ್ಮತ್ರ ಉಂಟು ಅಂತ ನಂಗೆ ಮೊದಲ ದಿನವೇ ಗೊತ್ತಿತ್ತು. ಸಾಹೇಬ್ರು ಕೇಳಿದ್ರು. ಗ್ಯಾರೇಜಲ್ಲಿ ಉಂಟು ಅಂದೆ."

ಯಾರು ಕೇಳಿದ್ದರು ಇವನ ಉಪಕಾರವನ್ನು? ಉರಿದುಹೋಯಿತು. ಕರವಸ್ತ್ರ ಜಾರಿತು.

"ಅಯ್ಯೋ ಮಾರಾಯ್ರೇ, ಮೀಸೆಗೆ ಎಂತಾಯ್ತು?"

ಹೇಳಿದೆ. ಹೇಳುವ ಮನಸ್ಸಿರಲಿಲ್ಲ, ಹೇಳಿಬಿಟ್ಟೆ. ಗಾಡಿ, ಆರತಿ, ಕಳಶ, ನಾಳೆಯ ಕಮಿಟಿ, ಎಲ್ಲಾ. ನಗುತ್ತಾನೆ ಎಂದು ಕಾದೆ. ನಕ್ಕಿದ್ದರೆ ಆ ಒದ್ದೆ ಬಟ್ಟೆಯಲ್ಲೇ ಬಾರಿಸುತ್ತಿದ್ದೆ. "ಸಾಯಂಕಾಲದ ಒಳಗೆ ಬೇಕಲ್ಲ ಹಾಗಾದ್ರೆ" ಎಂದು ಡಿಕ್ಕಿ ತೆರೆದ. ಕ್ಯಾನು ಸ್ಟೆಪ್ನಿಯ ಹಿಂದೆಯೇ ಇತ್ತು, ನಾನು ಇಟ್ಟ ಹಾಗೇ, ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ. ತುಂಬ ಇತ್ತು. ನಾನು ಬಿಟ್ಟಾಗ ಅರ್ಧ ಇತ್ತು.

"ಕೂತ್ಕೊಳ್ಳಿ, ಚೆಂಬೂರಿಗೆ ಬಿಡ್ತೇನೆ. ಸಾಹೇಬ್ರು ಮಲಗಿದ್ದಾರೆ."

"ನನಗೆ ಲೋಕಲ್ ಗೊತ್ತಿದೆ" ಎಂದೆ.

ಕ್ಯಾನು ಎದೆಗೆ ಅವಚಿಕೊಂಡು ನಿಂತೇ ಬಂದೆ. ದಾದರಿನ ಸೇತುವೆಯಲ್ಲಿ ಜನ ನೂಕಿದರು. ಒಂದು ಹನಿ ಚೆಲ್ಲಲಿಲ್ಲ. ಅಂಥ ಜನದಲ್ಲಿ ನನ್ನ ಹಾಗೆ ಕ್ಯಾನು ತರುವವನು ಇಡೀ ಮುಂಬಯಿಯಲ್ಲಿ ಇನ್ನೊಬ್ಬನಿದ್ದರೆ ತೋರಿಸಲಿ.

ಸಂಜೆ ಶಾಮಲಾ ತೊಳೆದಳು, ನಾನು ಸುರಿದೆ. ಒಂದು ಗೂಡು ಸತ್ತೇ ಹೋಗಿದೆ. ಎರಡು ಇನ್ನೂ ಉಸಿರಾಡುತ್ತಿವೆ ಎಂದಳು. ಎರಡರಲ್ಲಿ ಓಡುತ್ತದೆಯೋ ಇಲ್ಲವೋ ನಾಳೆಯೇ ತಿಳಿಯಬೇಕು, ಆಸಿಡ್ಡಿಗೆ ಹಾಕಿ ಬಲೂನಿಗೆ ಜಲಜನಕ ತುಂಬಿಸುವ ಸತುವಿನ ಚೂರು ಒಂದೇ ಸಲಕ್ಕೆ ಆಗುವಷ್ಟು ಉಳಿದಿದೆ.

ಮೀಸೆ ಪೂರ್ತಿ ಬೋಳಿಸೋಣವೆಂದು ಬ್ಲೇಡು ತೆಗೆದೆ. ಅವಳು ಬಚ್ಚಲ ಬಾಗಿಲಲ್ಲಿ ನಿಂತಳು. "ಬೋಳಿಸಬೇಡಿ ಚಿಕ್ಕಪ್ಪ. ಪ್ಲೀಸ್. ನಾಳೆ ಪಾಠಕ್ಕೆ ಬೇಕು."

"ನನ್ನ ಮೀಸೆ ನಿನ್ನ ಪಾಠಕ್ಕೆ ಯಾಕೆ?"

ಯಾಕೆಂದು ಹೇಳಿದಳು. ನನ್ನ ಜೀವಮಾನದಲ್ಲಿ ಇಂಥ ಅವಮಾನದ ಮಾತು ಯಾರೂ ಆಡಿರಲಿಲ್ಲ. ಆಗುವುದಿಲ್ಲ, ಸತ್ತರೂ ಆಗುವುದಿಲ್ಲ ಎಂದು ಕೂಗಿದೆ. ಅತ್ತಿಗೆ ಬಂದು ನನ್ನನ್ನೇ ಗದರಿದರು. ಬ್ಲೇಡನ್ನು ಕಿಟಕಿಯಿಂದ ಎಸೆದೆ, ಸಿಟ್ಟಿನಲ್ಲಿ. ಈಗ ಬೋಳಿಸಲು ಬ್ಲೇಡೂ ಇಲ್ಲ.

೧೧ ಅಕ್ಟೋಬರ್, ಬುಧವಾರ

ಹೋದೆ. ಬ್ಲೇಡು ಇರಲಿಲ್ಲವಲ್ಲ.

ಕ್ಲಾಸಿನ ತುಂಬ ಮಕ್ಕಳು. ಹಿಂದಿನ ಬೆಂಚಿನಲ್ಲಿ ಹೆಡ್‌ಮಿಸ್ಟ್ರೆಸ್ ನೀಲಾಬಾಯಿ, ಧಾರವಾಡದ ಕಡೆಯವರು, ಅವರ ಪಕ್ಕ ಕಮಿಟಿಯ ಇಬ್ಬರು. ನಾನು ಮುಂದಿನ ಬೆಂಚಿನಲ್ಲಿ ಕರವಸ್ತ್ರ ಹಿಡಿದು.

ಶಾಮಲಾ ಗಾಡಿಯನ್ನು ಮೇಜಿನ ಮೇಲೆ ಇಟ್ಟಳು. ಮಸಿಯ ಪಕ್ಕವನ್ನೇ ಮಕ್ಕಳಿಗೆ ತೋರಿಸಿ ಇಟ್ಟಳು. "ಜಲಜನಕ, ಆಮ್ಲಜನಕ, ಇವೆರಡೂ ಸೇರಿದರೆ ನೀರು. ಆದರೆ ಸೇರುವುದಕ್ಕೆ ಎರಡು ದಾರಿ ಇವೆ. ಮೊದಲನೇ ದಾರಿ ನಮ್ಮ ಮನೆಯಲ್ಲೇ ಆಯಿತು. ನಮ್ಮ ಚಿಕ್ಕಪ್ಪ ಈ ಗಾಡಿಗೆ ಆಯುಧಪೂಜೆ ಮಾಡಿ ಕರ್ಪೂರದ ಆರತಿ ಎತ್ತಿದರು" ಎಂದು ನನ್ನ ಕಡೆ ನೋಡಿದಳು.

ಆ ಕ್ಷಣ ಎದ್ದು ಓಡಿಹೋಗುವವನಿದ್ದೆ. ಎದ್ದೆ. ಕರವಸ್ತ್ರ ತೆಗೆದು, ಮಕ್ಕಳ ಕಡೆ ಎಡಗೆನ್ನೆ ತಿರುಗಿಸಿದೆ. ಆಮೇಲೆ ಬಲಗೆನ್ನೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಕಮಿಟಿಯ ಒಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. ಶರೀಫ ಇದ್ದಿದ್ದರೆ ಸತ್ತೇ ಹೋಗುತ್ತಿದ್ದ.

"ಅಲ್ಲಿದ್ದ ಶಕ್ತಿಯೆಲ್ಲ ಒಂದೇ ಏಟಿಗೆ ಬೆಂಕಿಯಾಗಿ ಹೋಯಿತು" ಎಂದಳು. ಯಾರೂ ಈಗ ನಗುತ್ತಿರಲಿಲ್ಲ. "ಅದೇ ಜಲಜನಕ, ಅದೇ ಆಮ್ಲಜನಕ. ಇಲ್ಲಿ ಬೆಂಕಿ ಇಲ್ಲ. ನಡುವೆ ಒಂದು ಒದ್ದೆ ಕಾಗದ. ಅದೇ ಶಕ್ತಿ ಈಗ ತಂತಿಯಲ್ಲಿ ಸುತ್ತಿಕೊಂಡು ಬರಬೇಕು." ದಾದರಿನ ಸೇತುವೆ ಮತ್ತು ಲಗೇಜಿನ ಕಥೆಯನ್ನೂ ಹೇಳಿದಳು. ಯಾರ ಕಥೆ ಎಂದು ಹೇಳಲಿಲ್ಲ. ಚೆನ್ನಾಗಿಯೇ ಹೇಳಿದಳು.

ಬಲೂನಿನ ನಳಿಕೆಯ ಕ್ಲಿಪ್ಪು ತೆಗೆದಳು. ಗಾಡಿ ಮಿಸುಕಲಿಲ್ಲ. ಇನ್ನೂ ಇಲ್ಲ. ಚಕ್ರ ಒಂದು ಸಲ ಅದುರಿ ನಿಂತಿತು. ನನ್ನ ಕಾಲು ತಾನಾಗಿ ಕ್ಲಚ್ ಒತ್ತಿತು. ಆಮೇಲೆ ಮೆಲ್ಲಗೆ ಬಿಟ್ಟಿತು.

ಹೊರಟಿತು!

"ಒಳಗ ಬ್ಯಾಟರಿ ಸೆಲ್ ಮುಚ್ಚಿಟ್ಟೀರೇನ್ರಿ?" ಎಂದರು ನೀಲಾಬಾಯಿ. ಎಂಥ ಮಾತು! ನನ್ನ ಬಾಯಿಯಲ್ಲಿ ಉತ್ತರ ಸಿದ್ಧವಾಗಿತ್ತು. ಶಾಮಲಾ ಬಲೂನಿನ ನಳಿಕೆಯನ್ನು ಬೆರಳಲ್ಲಿ ಹಿಸುಕಿ ಹಿಡಿದಳು. ಕಾದಳು. ಗಾಡಿ ಸುಸ್ತಾಗಿ ನಿಂತಿತು. ಬಿಟ್ಟಳು. ಮತ್ತೆ ಹೊರಟಿತು. ನೀಲಾಬಾಯಿ ಎದ್ದು ಮೇಜಿನ ಹತ್ತಿರ ಬಂದರು, ತಾವೇ ಹಿಸುಕಿದರು, ತಾವೇ ಬಿಟ್ಟರು. ಮೂರು ಸಲ. ಆಮೇಲೆ ಮಕ್ಕಳ ಸರದಿ.

ಕಡೆಗೆ ನನ್ನನ್ನು ಕೇಳಿದರು, "ಗಾಡಿ ಮಾಡೋದ್ರಾಗ ನಿಮ್ಮದೂ ಕೈ ಐತೇನ್ರಿ?"

ಇದಕ್ಕಾಗಿಯೇ ಒಂದು ಭಾಷಣ ತಯಾರು ಮಾಡಿಟ್ಟಿದ್ದೆ.

"ನೀರು ತಂದೆ" ಎಂದೆ.

ಕರವಸ್ತ್ರ ಮಡಿಸಿ ಜೇಬಿಗೆ ಹಾಕಿಕೊಂಡೆ.

೧೬ ಅಕ್ಟೋಬರ್, ಸೋಮವಾರ

ಶಾಮಲಾ ಪರ್ಮನೆಂಟ್ ಆದಳು. ಅತ್ತಿಗೆ ಮತ್ತೆ ಪಾಯಸ ಮಾಡಿದರು, ನಲ್ಲಿಯ ನೀರಿನಲ್ಲಿ. ರುಚಿಗೆ ಏನೂ ಕಡಿಮೆಯಿಲ್ಲ.

ದೂಜ ಸಾಹೇಬರನ್ನು ಕರೆದುಕೊಂಡು ಗೋಡೌನಿಗೆ ಬಂದಿದ್ದ. ಖಾಲಿ ಕ್ಯಾನು ವಾಪಸು ಕೊಟ್ಟೆ. ಅದರ ಜೊತೆಗೆ ಡೂಪ್ಲಿಕೇಟ್ ಗೊಂಚಲನ್ನೂ ಕೊಟ್ಟೆ. ಜೇಬು ತೂತಾಗುತ್ತದೆ, ಮತ್ತೇನಿಲ್ಲ.

"ಚಳಿಗಾಲದಲ್ಲಿ ಚೋಕ್ ಎಳೆಯೋಕೆ ಮುಂಚೆ ಎರಡು ಸಲ ಆಕ್ಸಿಲೇಟರ್ ಒತ್ತಬೇಕು" ಎಂದೆ.

"ಗೊತ್ತುಂಟು ಸುಬ್ಬಣ್ಣ."

ಗೊತ್ತಂತೆ! ಮುಖ ನೋಡು. ಹೊರಡುವಾಗ ಮತ್ತೆ ಸೆಕೆಂಡ್ ಗೇರಿನಲ್ಲಿ ಕರಕರ. ಗೇಟಿನವರೆಗೂ ಹಿಂದೆ ಓಡಿ ಬೈದೆ. ಅವನು ಕಿಟಕಿಯಿಂದ ಕೈ ಬೀಸಿದ.

ನಂಬರು ಬರೆದುಕೊಂಡೆ. ಓದಬೇಕಾಗಿರಲಿಲ್ಲ, ಬಾಯಿಪಾಠ ಇತ್ತು.